ಹೊಟ್ಟೆನೋವು ಅಂತ ಮಗು ಹೇಳಿದಾಗ: ಸಾಂಕ್ರಾಮಿಕದ ದಿನಗಳಲ್ಲಿ ಮಕ್ಕಳ ಮನಸ್ಸು ನೋಡಿಕೊಳ್ಳುವ ಬಗೆ

ನನ್ನ ಮಗ 2020ರ ಮಾರ್ಚ್‌ನಲ್ಲಿ ಒಂದನೇ ಕ್ಲಾಸಿನ ಬ್ಯಾಗು ಹೊತ್ತುಕೊಂಡು ಮನೆಗೆ ಬಂದವನು ಮತ್ತೆ ಶಾಲೆಯ ಮೆಟ್ಟಿಲು ಹತ್ತಿದ್ದು ಮೂರನೇ ಕ್ಲಾಸಿನಲ್ಲಿ. ನಮ್ಮ ರಾಜ್ಯದಲ್ಲಿ ಒಂದರಿಂದ ಐದನೇ ಕ್ಲಾಸಿನವರಿಗೆ ಶಾಲೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಲೆಕ್ಕ ಹಾಕಿ, 19 ತಿಂಗಳು ದಾಟಿತ್ತು. ಅವನ ಎರಡನೇ ಕ್ಲಾಸಿಗೆ ಬೆಂಚಿಲ್ಲ, ಗಂಟೆಯಿಲ್ಲ, ಪಕ್ಕದಲ್ಲಿ ಕೂತು ಪೆನ್ಸಿಲ್ ಕದಿಯುವ ಗೆಳೆಯನಿಲ್ಲ. ಆ ದಿನಗಳಲ್ಲಿ ಅವನಿಗೆ ಬೆಳಿಗ್ಗೆ ಎದ್ದರೆ ಹೊಟ್ಟೆನೋವು. ಓಮಿನ ನೀರು ಕುಡಿಸಿದೆವು, ಹೊಕ್ಕುಳಿಗೆ ಇಂಗು ಹಚ್ಚಿದೆವು, ದೃಷ್ಟಿ ತೆಗೆದೆವು, ಡಾಕ್ಟರಿಗೂ ತೋರಿಸಿದೆವು. ಹೊಟ್ಟೆಯಲ್ಲಿ ಏನೂ ಇರಲಿಲ್ಲ.

ಎಷ್ಟೋ ತಿಂಗಳ ಮೇಲೆ ಒಂದು ರಾತ್ರಿ ಕತ್ತಲಲ್ಲಿ ಪಕ್ಕದಲ್ಲಿ ಮಲಗಿದ್ದಾಗ ಕೇಳಿದ. "ಅಮ್ಮಾ, ನಾನು ಹೊರಗೆ ಆಡೋಕೆ ಹೋಗಿದ್ದಕ್ಕೇ ಅಜ್ಜಿಗೆ ಕೊರೊನಾ ಬಂತಾ?"

ಚಳ್ಳಕೆರೆಯಲ್ಲಿದ್ದ ಅಜ್ಜಿ ಆಗಲೇ ಹುಷಾರಾಗಿ ಮನೆಗೆ ಬಂದಿದ್ದರು. ಅವರಿಗೆ ಕೋವಿಡ್ ಬಂದಾಗ ಇವನು ದಾವಣಗೆರೆ ಬಿಟ್ಟು ಕದಲಿರಲಿಲ್ಲ. ಆದರೂ "ನಿನ್ನಿಂದ ಅಲ್ಲ ಕಣೋ" ಅಂತ ಒಬ್ಬರೂ ಅವನಿಗೆ ಹೇಳಿರಲಿಲ್ಲ, ಯಾಕೆಂದರೆ ಅವನ ತಲೆಯಲ್ಲಿ ಅಂಥದ್ದೊಂದು ಕೂತಿದೆ ಅಂತ ನಮಗೆ ಹೊಳೆದೇ ಇರಲಿಲ್ಲ.

ನಾನು ಹೈಸ್ಕೂಲ್ ಟೀಚರ್, ಇಬ್ಬರು ಮಕ್ಕಳ ತಾಯಿ, ಡಾಕ್ಟರಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಕೋವಿಡ್‌ನ ತುರ್ತು ಸ್ಥಿತಿ ಮುಗಿಯಿತು ಅಂತ ಹೇಳಿತು. ಆದರೆ ಇನ್ನೊಂದು ಕಾಯಿಲೆ ಬಂದು ಶಾಲೆಗೆ ಮತ್ತೆ ಬೀಗ ಬೀಳುವುದಿಲ್ಲ ಅಂತ ಯಾರೂ ಬರೆದುಕೊಟ್ಟಿಲ್ಲ. ಆಗ ಏನು ಮಾಡಬೇಕು, ನಾವು ಎಲ್ಲಿ ಎಡವಿದೆವು, ಎರಡನ್ನೂ ಬರೆದಿದ್ದೇನೆ.

ಮೊದಲ ಕೆಲಸ: ಟಿವಿ ಆರಿಸಿ

ಇದು ಸುಲಭ, ಬೇಗ ಹೇಳಿ ಮುಗಿಸುತ್ತೇನೆ. ಆಗ ನಮ್ಮ ಮನೆಯಲ್ಲಿ ನ್ಯೂಸ್ ಚಾನೆಲ್ ಬೆಳಿಗ್ಗೆಯಿಂದ ರಾತ್ರಿವರೆಗೆ ಓಡುತ್ತಿತ್ತು. ಕೆಂಪು ಅಕ್ಷರ, ಢಂ ಢಂ ಸದ್ದು, ಇವತ್ತೆಷ್ಟು ಕೇಸು, ಎಷ್ಟು ಸಾವು. ಒಂದೇ ಆಂಬ್ಯುಲೆನ್ಸನ್ನು ಹತ್ತು ಸಲ ತೋರಿಸಿದರೆ ಪುಟ್ಟ ಮಕ್ಕಳು ಹತ್ತು ಆಂಬ್ಯುಲೆನ್ಸ್ ಅಂದುಕೊಳ್ಳುತ್ತಾರೆ. ಅದೆಲ್ಲಾ ಪಕ್ಕದ ಬೀದಿಯಲ್ಲೇ ನಡೀತಿದೆ ಅನ್ನಿಸುತ್ತದೆ. ದೊಡ್ಡವರು ದಿನಕ್ಕೊಂದು ಸಲ, ಮಕ್ಕಳು ಇಲ್ಲದಾಗ ಸುದ್ದಿ ನೋಡಿ. ವಾಟ್ಸಾಪ್‌ನಲ್ಲಿ ಬರುವ ಅಳುವ ಆಡಿಯೋಗಳನ್ನು ಸ್ಪೀಕರ್‌ನಲ್ಲಿ ಹಾಕಬೇಡಿ. ಮನೆಯ ಹಿರಿಯರಿಗೆ ಇದನ್ನು ಹೇಳುವುದೇ ಕಷ್ಟದ ಕೆಲಸ, ಅಲ್ವಾ?

ಎರಡನೇದು: ನಿಜ ಹೇಳಿ, ಮೂರು ಮಾತಲ್ಲಿ

"ಏನೂ ಆಗಿಲ್ಲ, ನೀನು ಆಡಿಕೋ ಹೋಗು" ಅಂತ ಹೇಳಿದರೆ ಮಗು ನಂಬುವುದಿಲ್ಲ. ನಿಮ್ಮ ಮುಖ ಬೇರೆಯೇ ಹೇಳುತ್ತಿರುತ್ತದೆ. ಮೂರು ಮಾತು ಸಾಕು. ಏನಾಗಿದೆ, ನಾವು ಏನು ಮಾಡ್ತಿದ್ದೀವಿ, ಇದರಲ್ಲಿ ನಿನ್ನ ತಪ್ಪಿಲ್ಲ. "ಒಂದು ಕಾಯಿಲೆ ಬಂದಿದೆ, ಒಬ್ಬರಿಂದ ಒಬ್ಬರಿಗೆ ಅಂಟುತ್ತದೆ. ಅದಕ್ಕೇ ಮನೆಯಲ್ಲಿದ್ದೀವಿ, ಮಾಸ್ಕ್ ಹಾಕ್ತೀವಿ. ಯಾರಿಗಾದರೂ ಬಂದರೆ ಅದು ನಿನ್ನಿಂದ ಅಂತಲ್ಲ." ಆರೇಳು ವರ್ಷದೊಳಗಿನ ಮಕ್ಕಳು ತಾವು ಅಂದುಕೊಂಡದ್ದರಿಂದ, ಕೋಪ ಮಾಡಿಕೊಂಡದ್ದರಿಂದಲೇ ಕೆಟ್ಟದ್ದು ಆಯಿತು ಅಂತ ನಂಬುತ್ತಾರೆ. ಹಾಗಾಗಿ ಮೂರನೇ ಮಾತನ್ನು ಅವರು ಕೇಳದಿದ್ದರೂ ನೀವಾಗಿಯೇ ಹೇಳಿ. ನಾನು ಹೇಳಲಿಲ್ಲ, ಅದರ ಬೆಲೆ ಅಷ್ಟೂ ತಿಂಗಳ ಹೊಟ್ಟೆನೋವು.

ಇನ್ನೊಂದು, ಕಾಯಿಲೆಯನ್ನು ಗುಮ್ಮ ಮಾಡಬೇಡಿ. "ಊಟ ಮಾಡದಿದ್ದರೆ ಆಂಬ್ಯುಲೆನ್ಸ್‌ನವರು ಹಿಡ್ಕೊಂಡು ಹೋಗ್ತಾರೆ" ಅಂತ ಹೆದರಿಸಿದ್ದನ್ನು ನಾನು ನಮ್ಮ ಬೀದಿಯಲ್ಲೇ ಕೇಳಿದ್ದೇನೆ. ನನ್ನ ಒಬ್ಬ ವಿದ್ಯಾರ್ಥಿನಿ ಕೈ ತೊಳೆದು ತೊಳೆದು ಬೆರಳ ಸಂದಿಯ ಚರ್ಮ ಕಿತ್ತುಬಂದಿತ್ತು. ಮನೆಯವರು "ತುಂಬಾ ಕ್ಲೀನು ನಮ್ಮ ಹುಡುಗಿ" ಅಂತ ಹೆಮ್ಮೆಪಡುತ್ತಿದ್ದರು. ನಿಲ್ಲಿಸಬೇಕು ಅನ್ನಿಸಿದರೂ ನಿಲ್ಲಿಸಲಾಗದೆ ತೊಳೆಯುತ್ತಿದ್ದರೆ ಅದು ಚಿಕಿತ್ಸೆ ಬೇಕಾದ ಆತಂಕ.

ಮೂರನೇದು: ದಿನಕ್ಕೊಂದು ಆಕಾರ ಕೊಡಿ

ರಜೆ ಅಂತ ಬಿಟ್ಟುಬಿಟ್ಟರೆ ಒಂದು ವಾರ ಚೆನ್ನಾಗಿರುತ್ತದೆ. ಆಮೇಲೆ ಮಧ್ಯಾಹ್ನ ಏಳುವುದು, ಸಂಜೆ ತಿಂಡಿ, ರಾತ್ರಿ ಎರಡಕ್ಕೆ ಮ್ಯಾಗಿ. ಗೋಡೆಗೆ ಟೈಮ್‌ಟೇಬಲ್ ಅಂಟಿಸಿ ಮಿಲಿಟರಿ ಮಾಡಬೇಕಿಲ್ಲ. ಮೂರು ಗೂಟ ಹೊಡೆದರೆ ಸಾಕು: ಏಳುವ ಹೊತ್ತು, ಎಲ್ಲರೂ ಕೂತು ಮಾಡುವ ಒಂದು ಊಟ, ಮಲಗುವ ಹೊತ್ತು. 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ, 13ರಿಂದ 18ರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಹದಿಹರೆಯದಲ್ಲಿ ದೇಹದ ಗಡಿಯಾರವೇ ಹಿಂದಕ್ಕೆ ಸರಿಯುತ್ತದೆ, ನಿದ್ದೆ ತರಿಸುವ ಮೆಲಟೋನಿನ್ ತಡವಾಗಿ ಬಿಡುಗಡೆಯಾಗುತ್ತದೆ. ಹತ್ತನೇ ಕ್ಲಾಸಿನ ಹುಡುಗಿಗೆ ರಾತ್ರಿ ಒಂಬತ್ತಕ್ಕೆ ನಿದ್ದೆ ಬರದಿದ್ದರೆ ಅದು ಸೋಮಾರಿತನ ಅಲ್ಲ. ಹನ್ನೊಂದು ಅಂತ ಒಪ್ಪಂದ ಮಾಡಿಕೊಳ್ಳಿ. ಎರಡು ಅಂದರೆ ಒಪ್ಪಬೇಡಿ.

ಬೆಳಿಗ್ಗೆ ಸ್ವಲ್ಪ ಬಿಸಿಲು ಮೈಗೆ ಬೀಳಲಿ, ಮಹಡಿ ಮೇಲಾದರೂ ಸರಿ. ಹೊರಗೆ ಬಿಡುವ ಹಾಗಾದ ಮೇಲೆ ನಾವು ಬೆಳಗಿನ ಜಾವ ಕುಂದವಾಡ ಕೆರೆ ಕಡೆ ನಡೆಯಲು ಹೋಗುತ್ತಿದ್ದೆವು. ಚಿತ್ರದುರ್ಗದವರಿಗೆ ಚಂದ್ರವಳ್ಳಿ ಇದೆ, ನಿಮ್ಮ ಪುಣ್ಯ. ಮಧ್ಯಾಹ್ನ ಚೌಕಾಬಾರ, ಅಳಗುಳಿಮಣೆ. ಸಂಜೆ ಮಂಡಕ್ಕಿ ಒಗ್ಗರಣೆಗೆ ಈರುಳ್ಳಿ ಹೆಚ್ಚುವ ಕೆಲಸ ಮಗನದ್ದು. ಮಕ್ಕಳಿಗೆ ನಿಜವಾಗಿ ಬೇಕಾದ ಒಂದು ಕೆಲಸ ಕೊಡಿ. ಸುಮ್ನೆ ಹೊತ್ತು ಕಳೆಯಲು ಕೊಟ್ಟ ಕೆಲಸ ಅವರಿಗೆ ಗೊತ್ತಾಗಿಬಿಡುತ್ತದೆ.

ಮೊಬೈಲ್ ಜಗಳ

ಇದಕ್ಕೆ ಪೂರ್ತಿ ಪರಿಹಾರ ನನ್ನ ಹತ್ತಿರ ಇಲ್ಲ. ಆಗ ಎಷ್ಟೋ ಮನೆಗಳಲ್ಲಿ ಒಂದೇ ಫೋನು, ಅದನ್ನೂ ಅಪ್ಪ ಕೆಲಸಕ್ಕೆ ತಗೊಂಡು ಹೋಗ್ತಾರೆ, ಮೂರು ಮಕ್ಕಳಿಗೂ ಆನ್‌ಲೈನ್ ಕ್ಲಾಸು. ಚಂದನದಲ್ಲಿ ಸಂವೇದ ಪಾಠ ಬರುತ್ತಿತ್ತು, ಸರಿಯಾಗಿ ಪಾಠದ ಹೊತ್ತಿಗೇ ಕರೆಂಟ್ ಹೋಗುತ್ತಿತ್ತು. ಫೋನ್ ಇಲ್ಲದವರಿಗೆ ಅದು ಇಲ್ಲದ ಸಂಕಟ, ಇದ್ದವರಿಗೆ ಜಾಸ್ತಿಯಾದ ಸಂಕಟ. 2020ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಪಬ್‌ಜಿ ನಿಲ್ಲಿಸಿದಾಗ ಅಪ್ಪಂದಿರು ಖುಷಿಪಟ್ಟರು. ಹುಡುಗರು ಬೇರೆ ಆಟ ಹುಡುಕಿಕೊಂಡರು.

ಹದಿನೈದರ ಮಗುವಿಗೆ ಆಗ ಫೋನೇ ಶಾಲೆಯ ಅಂಗಳ. ಸಿಟ್ಟಿನಲ್ಲಿ ಕಿತ್ತು ಗೋಡೆಗೆ ಎಸೆದರೆ ನೀವು ಒಡೆದದ್ದು ಗೆಳೆಯರ ಗುಂಪನ್ನು. ಗಂಟೆ ಎಣಿಸುವ ಬದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ನಿದ್ದೆ ಕೆಡ್ತಿದೆಯಾ? ಊಟ, ಓದು, ಜನ ಎಲ್ಲ ಬಿಟ್ಟು ಅದೊಂದೇ ಆಗಿದೆಯಾ? ಫೋನ್ ಇಟ್ಟ ಮೇಲೆ ಖುಷಿಯಾಗಿರ್ತಾರಾ, ಮಂಕಾಗಿರ್ತಾರಾ? ಮತ್ತು ಒಂದೇ ಒಂದು ಕಟ್ಟುನಿಟ್ಟಿನ ನಿಯಮ ಇಡಿ. ರಾತ್ರಿ ಎಲ್ಲರ ಫೋನೂ ಹಾಲ್‌ನಲ್ಲಿ ಚಾರ್ಜಿಗೆ. ಎಲ್ಲರದ್ದೂ ಅಂದರೆ ಅಪ್ಪನದ್ದೂ. ನಮ್ಮ ಮನೆಯಲ್ಲಿ ಈ ನಿಯಮ ಮೊದಲು ಮುರಿದವರು ಯಾರು ಅಂತ ಇಲ್ಲಿ ಬರೆಯುವುದಿಲ್ಲ.

ಯಾವುದಕ್ಕೆ ಕಣ್ಣಿಡಬೇಕು

2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇಕಡ 7.3 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ನನ್ನ ಕ್ಲಾಸಿನಲ್ಲಿ 40 ಮಕ್ಕಳಿದ್ದರೆ ಸುಮಾರು ಮೂವರು. ಅದೂ ಕೋವಿಡ್‌ಗೆ ಮೊದಲೇ. ಆ ಮೂವರು ಬೋರ್ಡು ಹಾಕಿಕೊಂಡು ಬರುವುದಿಲ್ಲ.

ಪುಟ್ಟ ಮಕ್ಕಳಲ್ಲಿ ಅದು ಮೈಯಲ್ಲಿ ಕಾಣುತ್ತದೆ. ಹೊಟ್ಟೆನೋವು, ತಲೆನೋವು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಬರುವುದು, ಅಮ್ಮ ಬಚ್ಚಲಿಗೆ ಹೋದರೂ ಬೆನ್ನಿಗೆ ಬರುವುದು. ಹೊಟ್ಟೆನೋವಿಗೆ ಮೊದಲು ಡಾಕ್ಟರಿಗೆ ತೋರಿಸಿ. ಏನೂ ಇಲ್ಲ ಅಂತ ಅವರು ಹೇಳಿದರೆ "ನಾಟಕ" ಅನ್ನಬೇಡಿ. ಭಯವಾದಾಗ ಕರುಳಿನ ಕೆಲಸವೇ ಏರುಪೇರಾಗುತ್ತದೆ, ಸ್ನಾಯು ಬಿಗಿಯುತ್ತದೆ. ನೋವು ನಿಜವಾದ ನೋವೇ. ಪರೀಕ್ಷೆ ದಿನ ನಿಮಗೂ ಆಗಿತ್ತಲ್ಲ?

ಹದಿಹರೆಯದವರಲ್ಲಿ ಎಲ್ಲರೂ ಅಳುಮುಖ ಹುಡುಕುತ್ತಾರೆ. ಬಹಳ ಸಲ ಕಾಣುವುದು ಸಿಡಿಮಿಡಿ. ಮಾತಿಗೆ ಮುಂಚೆ ಸಿಟ್ಟು, ಬಾಗಿಲು ದಡಾರ್. ಇಷ್ಟದ ಕ್ರಿಕೆಟ್ ಬೇಡ, ಗೆಳತಿಯ ಫೋನ್ ಎತ್ತಲ್ಲ, ನಿದ್ದೆ ತೀರಾ ಜಾಸ್ತಿ ಅಥವಾ ತೀರಾ ಕಡಿಮೆ, "ನನ್ನಿಂದ ಏನೂ ಆಗಲ್ಲ" ಅನ್ನುವ ಮಾತು ಪದೇ ಪದೇ. ಒಂದೆರಡು ದಿನ ಹೀಗಿದ್ದರೆ ಅದು ವಯಸ್ಸು. ಎರಡು ವಾರ ದಾಟಿದರೆ, ದಿನದ ಹೆಚ್ಚು ಹೊತ್ತು ಹೀಗೇ ಇದ್ದರೆ, ಊಟ ಓದು ಕೆಲಸ ಕೆಡುತ್ತಿದ್ದರೆ, ಯಾರಿಗಾದರೂ ತೋರಿಸುವ ಹೊತ್ತು ಬಂತು ಅಂತ ತಿಳಿಯಿರಿ. ತುಂಬಾ ಜಾಣ, ತುಂಬಾ ಸುಮ್ಮನಿರುವ ಮಗುವನ್ನೂ ಮರೆಯಬೇಡಿ. ಗಲಾಟೆ ಮಾಡುವವರನ್ನು ಎಲ್ಲರೂ ನೋಡುತ್ತಾರೆ.

ಮಾತಾಡುವುದು ಹೇಗೆ (ಇಲ್ಲೇ ನಾವು ಸೋಲುವುದು)

ನನ್ನ ಮಗಳು ಆಗ ಹತ್ತನೇ ಕ್ಲಾಸು. 2021ರ ಎಸ್ಸೆಸ್ಸೆಲ್ಸಿ ಪರೀಕ್ಷೆ ಇರುತ್ತಾ ಇಲ್ವಾ ಅಂತ ತಿಂಗಳುಗಟ್ಟಲೆ ಗೊತ್ತಿರಲಿಲ್ಲ. ಕೊನೆಗೆ ಜುಲೈ 19 ಮತ್ತು 22ರಂದು ಎರಡೇ ದಿನದಲ್ಲಿ, ಬಹುಆಯ್ಕೆ ಪ್ರಶ್ನೆಗಳಲ್ಲಿ ಮುಗಿಯಿತು. ಅಷ್ಟು ದಿನ ಅವಳು ರೂಮಿನ ಬಾಗಿಲು ಹಾಕಿಕೊಂಡಿದ್ದಳು. ನಾನು ಬಾಗಿಲಲ್ಲಿ ನಿಂತು ಸೊಂಟಕ್ಕೆ ಕೈಕೊಟ್ಟು ಕೇಳಿದ್ದು, "ನಿನಗೆ ಏನು ಕಡಿಮೆ ಮಾಡಿದ್ದೀವಿ ನಾವು?"

ಈ ಪ್ರಶ್ನೆಗೆ ಉತ್ತರವೇ ಇಲ್ಲ. ಏನಾದರೂ ಹೇಳಿದರೆ ಕೃತಘ್ನಳು, ಹೇಳದಿದ್ದರೆ ಸೊಕ್ಕಿನವಳು. ಇದರ ಅಕ್ಕತಂಗಿಯರೂ ಇದ್ದಾರೆ: "ನಿನ್ನ ವಯಸ್ಸಲ್ಲಿ ನಾವು ಬುತ್ತಿ ಕಟ್ಕೊಂಡು ಎಂಟು ಕಿಲೋಮೀಟರ್ ನಡೀತಿದ್ವಿ", "ಇಷ್ಟಕ್ಕೆಲ್ಲಾ ಯಾರಾದರೂ ಅಳ್ತಾರಾ", "ಅವರ ಮನೆ ಮಗು ನೋಡು". ಯುನಿಸೆಫ್ 2021ರಲ್ಲಿ 21 ದೇಶಗಳ 15ರಿಂದ 24 ವರ್ಷದವರ ಸಮೀಕ್ಷೆ ಪ್ರಕಟಿಸಿತು. ಮನಸ್ಸಿನ ತೊಂದರೆಗೆ ಬೇರೆಯವರ ಸಹಾಯ ಪಡೆಯುವುದು ಒಳ್ಳೆಯದು ಅಂದವರು ಎಲ್ಲ ದೇಶ ಸೇರಿ ಸರಾಸರಿ ಶೇಕಡ 83, ಭಾರತದಲ್ಲಿ ಮಾತ್ರ 41. ನಮ್ಮ ಮಕ್ಕಳು ಬಾಯಿ ಮುಚ್ಚಿಕೊಳ್ಳುವುದನ್ನು ಕಲಿತದ್ದು ನಮ್ಮ ಇಂಥ ಮಾತುಗಳಿಂದಲೂ ಇರಬಹುದು ಅಂತ ನನಗೆ ಅನ್ನಿಸುತ್ತದೆ.

ಹಾಗಾದರೆ ಏನು ಮಾಡುವುದು? ಎದುರಿಗೆ ಕೂರಿಸಿಕೊಂಡು "ಹೇಳು" ಅನ್ನಬೇಡಿ, ಅದು ಪೊಲೀಸ್ ಸ್ಟೇಷನ್. ಪಕ್ಕದಲ್ಲಿ ಕೂರಿ. ಅವರೆಕಾಯಿ ಸುಲಿಯುವಾಗ, ಬಟ್ಟೆ ಮಡಚುವಾಗ, ಸ್ಕೂಟರ್ ಹಿಂದೆ ಕೂರಿಸಿಕೊಂಡು ಹೋಗುವಾಗ. ಮುಖ ನೋಡಬೇಕಾಗಿಲ್ಲ ಅನ್ನುವಾಗ ಮಾತು ಬರುತ್ತದೆ. ಕಂಡದ್ದನ್ನು ಹೇಳಿ, ತೀರ್ಪು ಕೊಡಬೇಡಿ. "ಒಂದು ವಾರದಿಂದ ನೀನು ರಾತ್ರಿ ಊಟ ಬಿಡ್ತಿದ್ದೀಯ, ನೋಡ್ತಿದ್ದೀನಿ. ಏನೋ ಭಾರ ಇದೆ ಅನ್ನಿಸ್ತು." ಆಮೇಲೆ ಸುಮ್ಮನಿರಿ. ಆ ಮೌನ ಎರಡು ನಿಮಿಷ ಆಗಬಹುದು, ಎರಡು ದಿನ ಆಗಬಹುದು. ನಮ್ಮ ಮನೆಯಲ್ಲಿ ನಾಲ್ಕನೇ ಪ್ರಯತ್ನಕ್ಕೆ ಉತ್ತರ ಬಂತು, ಅದೂ ಬೆಣ್ಣೆ ದೋಸೆ ಪಾರ್ಸೆಲ್ ತರಲು ಹೋದಾಗ, ಹಿಂದಿನ ಸೀಟಿನಿಂದ. "ಎಲ್ಲಾ ಪಾಸ್ ಅಂದ್ರೆ ನಾನು ಓದಿದ್ದಕ್ಕೆ ಬೆಲೆನೇ ಇಲ್ವಾ ಅಮ್ಮ?" ನನಗೆ ಏನಾದರೂ ಬುದ್ಧಿ ಹೇಳಬೇಕು ಅಂತ ನಾಲಿಗೆ ತುದಿಗೆ ಬಂದಿತ್ತು. "ಹೌದು, ಬೇಜಾರೇ ಅದು" ಅಂದೆ ಅಷ್ಟೇ. ಮನೆ ಬರುವವರೆಗೂ ಮಾತಾಡಿದಳು.

ಅವರು ಹೇಳಿದ್ದನ್ನು ಚಿಕ್ಕಮ್ಮನಿಗೆ ಫೋನ್ ಮಾಡಿ ಹೇಳಬೇಡಿ. ಒಂದು ಸಲ ಗೊತ್ತಾದರೆ ಮುಗಿಯಿತು.

ಗಾಬರಿ ಹೆಚ್ಚಾಗಿ ಎದೆ ಹೊಡೆದುಕೊಳ್ಳುತ್ತಿದ್ದರೆ, ಪುಟ್ಟವರಿಗೆ ಮಲ್ಲಿಗೆ ಮೂಸಿದ ಹಾಗೆ ಮೂಗಿನಿಂದ ಉಸಿರು ಎಳೆದು, ಬಿಸಿ ಹಾಲು ಆರಿಸುವ ಹಾಗೆ ಬಾಯಿಂದ ನಿಧಾನ ಊದಲು ಹೇಳಿ. ನೀವೂ ಜೊತೆಗೆ ಮಾಡಿ. ಬಿಡುವ ಉಸಿರು ಎಳೆಯುವ ಉಸಿರಿಗಿಂತ ಉದ್ದ ಇರಬೇಕು, ಎದೆಬಡಿತ ಇಳಿಯುವುದು ಅದರಿಂದಲೇ.

ಮನೆಯಲ್ಲಿ ಸಾವಾದರೆ

ಕೋವಿಡ್‌ನಲ್ಲಿ ಎಷ್ಟೋ ಮನೆಗೆ ಹೆಣವೂ ಬರಲಿಲ್ಲ. ಮಕ್ಕಳು ಕಂಡದ್ದು ಆಂಬ್ಯುಲೆನ್ಸ್ ಹತ್ತಿದ ಅಪ್ಪನನ್ನು, ಆಮೇಲೆ ಗೋಡೆಯ ಮೇಲೆ ಹಾರ ಹಾಕಿದ ಫೋಟೋವನ್ನು. ನಡುವೆ ಏನೂ ಇಲ್ಲ. ನಮ್ಮಲ್ಲಿ ಮಣ್ಣು ಹಾಕುವುದು, ಮೂರನೇ ದಿನ, ಹನ್ನೊಂದನೇ ದಿನ ಅಂತೆಲ್ಲಾ ಇರುವುದು ಸುಮ್ನೆ ಅಲ್ಲ, ಮನಸ್ಸು ಅದನ್ನು ಹಿಡಿದುಕೊಂಡೇ ದಾಟುತ್ತದೆ.

ಮಗುವಿಗೆ "ಊರಿಗೆ ಹೋಗಿದ್ದಾರೆ", "ಮಲಗಿದ್ದಾರೆ", "ದೇವರು ಕರ್ಕೊಂಡ" ಅನ್ನಬೇಡಿ. ಮಲಗಿದ್ದಾರೆ ಅಂದರೆ ತಾನು ಮಲಗಲು ಹೆದರುತ್ತದೆ, ಊರಿಗೆ ಅಂದರೆ ಬಾಗಿಲು ಕಾಯುತ್ತದೆ. ತೀರಿಕೊಂಡರು ಅಂತಲೇ ಹೇಳಿ. ಸತ್ತರೆ ಉಸಿರಾಡಲ್ಲ, ನೋವಾಗಲ್ಲ, ವಾಪಸ್ ಬರಲ್ಲ, ನಿನ್ನಿಂದ ಆಗಿದ್ದಲ್ಲ. ಮಗು ಹತ್ತು ನಿಮಿಷ ಅತ್ತು ಆಮೇಲೆ ಆಡಲು ಓಡಿಹೋದರೆ ಗಾಬರಿ ಬೇಡ. ಮಕ್ಕಳು ದುಃಖವನ್ನು ತುಂಡು ತುಂಡಾಗಿ ಪಡುತ್ತಾರೆ. ಅದೇ ಪ್ರಶ್ನೆ ಇಪ್ಪತ್ತು ಸಲ ಕೇಳಿದರೆ ಇಪ್ಪತ್ತು ಸಲವೂ ಅದೇ ಉತ್ತರ ಕೊಡಿ. ಆಗ ಕಾರ್ಯ ಮಾಡಲು ಆಗದಿದ್ದರೆ ವರ್ಷದ ಮೇಲಾದರೂ ಮಾಡಿ, ಮಕ್ಕಳ ಕೈಯಲ್ಲೇ ದೀಪ ಹಚ್ಚಿಸಿ, ಅಪ್ಪನಿಗೆ ಇಷ್ಟವಿದ್ದ ಅಡುಗೆ ಎಡೆಗಿಡಿ.

ದುಡ್ಡಿನ ಚಿಂತೆಯೂ ಮಕ್ಕಳ ಚಿಂತೆಯೇ

ಸಂಘದ ಕಂತು ಕಟ್ಟಲಾಗದೆ ಗಂಡ ಹೆಂಡತಿ ರಾತ್ರಿ ಪಿಸುಮಾತಲ್ಲಿ ಜಗಳ ಆಡಿದರೆ ಮಕ್ಕಳಿಗೆ ಕೇಳುವುದಿಲ್ಲ ಅಂದುಕೊಂಡಿದ್ದೀರಾ? ಲಾಕ್‌ಡೌನ್‌ನಲ್ಲಿ ಮಂಡಕ್ಕಿ ಭಟ್ಟಿಗೆ, ಗ್ಯಾರೇಜಿಗೆ ಹೋಗಲು ಶುರುಮಾಡಿದ ಹುಡುಗರಲ್ಲಿ ಕೆಲವರು ಆಮೇಲೆ ಶಾಲೆಗೆ ಬರಲೇ ಇಲ್ಲ. ಹುಡುಗಿಯರ ಮದುವೆ ಮಾತು ಜನ ಕಡಿಮೆ, ಖರ್ಚು ಕಡಿಮೆ ಅಂತ ಬೇಗ ನಡೆಯಿತು. "ಕಷ್ಟ ಇದೆ, ನೋಡಿಕೊಳ್ಳೋದು ದೊಡ್ಡವರ ಕೆಲಸ, ನೀನು ಶಾಲೆಗೆ ವಾಪಸ್ ಹೋಗ್ತೀಯ" ಅಂತ ಬಾಯಿಬಿಟ್ಟು ಹೇಳಿ. 18 ತುಂಬದ ಹುಡುಗಿಯ ಮದುವೆ, ಮನೆಯೊಳಗೆ ಹೊಡೆತ, ಮೈಮೇಲೆ ಕೈಹಾಕುವುದು, ಇದರಲ್ಲಿ ಯಾವುದು ಕಂಡರೂ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಮಕ್ಕಳೇ ಮಾಡಬಹುದು.

"ಸಾಯ್ತೀನಿ" ಅಂದರೆ

ನಂಬಿ. ಹೆದರಿಸಲು ಹೇಳ್ತಿದ್ದಾರೆ ಅಂತ ತಳ್ಳಿಹಾಕಬೇಡಿ. ನೇರವಾಗಿಯೇ ಕೇಳಿ: "ಸಾಯಬೇಕು ಅನ್ನಿಸುತ್ತಾ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತೆ ಅನ್ನುವುದು ತಪ್ಪು ತಿಳಿವಳಿಕೆ. ಕೇಳಿದರೆ ಬಹಳ ಮಕ್ಕಳಿಗೆ ಹಗುರಾಗುತ್ತದೆ. ಹೌದು ಅಂದರೆ ಬೈಯಬೇಡಿ, ಆಣೆ ಹಾಕಿಸಬೇಡಿ. ಒಂಟಿ ಬಿಡಬೇಡಿ. ನಮ್ಮ ಕಡೆ ಮೆಕ್ಕೆಜೋಳ, ಈರುಳ್ಳಿ, ಅಡಿಕೆ ಬೆಳೆಯುವ ಮನೆಗಳಲ್ಲಿ ಹೊಲಕ್ಕೆ ಹೊಡೆಯುವ ಔಷಧಿ ಕೈಗೆ ಸಿಗುವಂತೆ ಇಟ್ಟಿರುತ್ತಾರೆ. ಅದನ್ನು ಅವತ್ತೇ ಮನೆಯಿಂದ ಹೊರಗೆ, ಬೀಗದೊಳಗೆ ಇಡಿ. ಅಜ್ಜನ ಮಾತ್ರೆಗಳನ್ನೂ ಬೀಗ ಹಾಕಿ. ಆ ಗಳಿಗೆ ದಾಟಿದರೆ ಬಹಳ ಸಲ ಜೀವ ಉಳಿಯುತ್ತದೆ.

ಕೂಡಲೇ 14416ಕ್ಕೆ ಫೋನ್ ಮಾಡಿ. ಇದು ಟೆಲಿಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಶುರುವಾಯಿತು, ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ ನಡೆಯುತ್ತದೆ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಏನಾದರೂ ಮಾಡಿಕೊಂಡಾಗಿದ್ದರೆ 112 ಅಥವಾ 108, ನೇರ ಆಸ್ಪತ್ರೆಗೆ.

ಎಲ್ಲಿಗೆ ಕರೆದುಕೊಂಡು ಹೋಗುವುದು

ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇರಲಿ, ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆ ಇರಲಿ, ಮಾನಸಿಕ ರೋಗ ವಿಭಾಗ ಎಲ್ಲಿದೆ ಅಂತ ಚೀಟಿ ಮಾಡಿಸುವ ಕಡೆಯೇ ಕೇಳಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅಂತ ಮಂಗಳವಾರದ ಕ್ಲಿನಿಕ್ ಯೋಜನೆ ಇದೆ, ಹೋಗುವ ಮೊದಲು ಡಾಕ್ಟರ್ ಬರುತ್ತಾರಾ ಅಂತ ವಿಚಾರಿಸಿಕೊಳ್ಳಿ. 10ರಿಂದ 19 ವರ್ಷದವರಿಗೆ ಸ್ನೇಹ ಕ್ಲಿನಿಕ್ ಇದೆ, ಅಲ್ಲಿ ಆಪ್ತಸಮಾಲೋಚಕರು ಇರುತ್ತಾರೆ. ಮೊದಲ ಸಲ ಹೆಚ್ಚಾಗಿ ಮಾತೇ ನಡೆಯುವುದು: ನಿದ್ದೆ, ಊಟ, ಶಾಲೆ, ಮನೆ. ಮಗುವಿನ ಹತ್ತಿರ ಒಂಟಿಯಾಗಿ ಮಾತಾಡಬೇಕು ಅಂದರೆ ಬೇಜಾರು ಮಾಡಿಕೊಳ್ಳದೆ ಹೊರಗೆ ಹೋಗಿ ಕೂರಿ. ಎಲ್ಲರಿಗೂ ಮಾತ್ರೆ ಕೊಡುವುದಿಲ್ಲ. ಕೊಟ್ಟರೆ "ಈಗ ಹುಷಾರಾದ" ಅಂತ ನೀವೇ ನಿಲ್ಲಿಸಬೇಡಿ.

ಜನ ಏನಂತಾರೆ, ಮುಂದೆ ಹುಡುಗಿಗೆ ಗಂಡು ಸಿಗುತ್ತಾ ಅನ್ನುವ ಭಯ ನಿಮಗಿದ್ದರೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಪ್ರಕಾರ ಚಿಕಿತ್ಸೆಯ ವಿಷಯವನ್ನು ಗುಟ್ಟಾಗಿಡುವುದು ಆಸ್ಪತ್ರೆಯ ಹೊಣೆ. ಒಂದು ಕಡೆ ನಮ್ಮ ಪರಿಚಯದವರ ಮಗುವನ್ನು ಕಾರಿಡಾರಿನಲ್ಲೇ ನಿಲ್ಲಿಸಿ ಜೋರಾಗಿ ಎಲ್ಲಾ ಕೇಳಿದ್ದರು. ಹಾಗಾದರೆ "ಒಳಗೆ ಮಾತಾಡೋಣ ಸಾರ್" ಅನ್ನಿ. ಹಿಡಿಸದಿದ್ದರೆ ಇನ್ನೊಬ್ಬರ ಹತ್ತಿರ ಹೋಗಿ. ದೇವಸ್ಥಾನಕ್ಕೆ, ದರ್ಗಾಕ್ಕೆ ಹೋಗಬೇಡಿ ಅಂತ ನಾನು ಹೇಳುವುದಿಲ್ಲ, ಹೋಗಿಬನ್ನಿ, ಡಾಕ್ಟರ ಹತ್ತಿರವೂ ಹೋಗಿ.

ಶಾಲೆ ಮತ್ತೆ ತೆರೆದಾಗ

ಎಲ್ಲರೂ ಕುಣಿದಾಡುತ್ತಾರೆ ಅಂದುಕೊಂಡಿದ್ದೆವು. ಮಗ ಗೇಟಿನ ಹತ್ತಿರ ನನ್ನ ಸೆರಗು ಬಿಡಲಿಲ್ಲ. ಹಿಂದಿನ ದಿನವೇ ಒಂದು ಸಲ ಶಾಲೆಯವರೆಗೂ ಸುಮ್ನೆ ನಡೆದು ಬನ್ನಿ. ಯೂನಿಫಾರ್ಮ್ ಹಾಕಿ ನೋಡಿ, ಚಿಕ್ಕದಾಗಿರುತ್ತದೆ. ಒಬ್ಬ ಗೆಳೆಯನನ್ನಾದರೂ ಮೊದಲೇ ಭೇಟಿ ಮಾಡಿಸಿ. ಬೆಳಿಗ್ಗೆ ಹೊಟ್ಟೆನೋವು ಅಂದರೆ ಪೂರ್ತಿ ರಜೆ ಹಾಕಿಸಬೇಡಿ, ಮನೆಯಲ್ಲಿ ಉಳಿದಷ್ಟೂ ಭಯ ಬಲಿಯುತ್ತದೆ. ಟೀಚರ್ ಹತ್ತಿರ ಮಾತಾಡಿ ಅರ್ಧ ದಿನದಿಂದ ಶುರುಮಾಡಿ.

ನನ್ನ ಹಾಗಿನ ಟೀಚರುಗಳಿಗೆ ಒಂದು ಮಾತು. ಮೊದಲ ವಾರವೇ ಟೆಸ್ಟ್ ಇಟ್ಟು "ಎಲ್ಲಾ ಮರೆತಿದ್ದೀರಿ" ಅನ್ನಬೇಡಿ, ಅದು ಅವರಿಗೂ ಗೊತ್ತು. ನಾನು ಮೊದಲ ದಿನ ಪುಸ್ತಕ ತೆಗೆಸಲಿಲ್ಲ. ಈ ದಿನಗಳಲ್ಲಿ ಮನೆಯಲ್ಲಿ ಕಲಿತ ಒಂದು ಕೆಲಸ ಹೇಳಿ ಅಂದೆ. ಒಬ್ಬ ಹಸುವಿನ ಹಾಲು ಕರೆಯುವುದು ಅಂದ, ಒಬ್ಬಳು ತಂಗಿಗೆ ಜಡೆ ಹಾಕುವುದು ಅಂದಳು. ಹಿಂದಿನ ಬೆಂಚಿನ ಹುಡುಗ ಮಾತ್ರ ಏನೂ ಹೇಳದೆ ಕೂತಿದ್ದ. ಬೆಲ್ ಹೊಡೆದ ಮೇಲೆ ಅವನ ಪಕ್ಕದಲ್ಲಿ ಹೋಗಿ ಕೂತೆ.